ಚಿಟ್ಟೆ ರೆಕ್ಕೆಯ ಚುಕ್ಕೆ ಬಗ್ಗೆ ಮಾತಾಡೋರು ಎಲ್ಲಿ ಸಿಗ್ತಾರೆ?

ಪರದೆ ಮೇಲಿರೋ ಚಿಟ್ಟೆಯನ್ನ ಸ್ವಲ್ಪ ಹತ್ತಿರದಿಂದ ನೋಡಿ. ರೆಕ್ಕೆ ಮಡಚಿ ಕೂತಿದೆ. ಹಳದಿ ಬಣ್ಣ, ಕಪ್ಪು ನರಗಳು, ಹಿಂರೆಕ್ಕೆಯ ಅಂಚಿಗೆ ಸಾಲಾಗಿ ಕೆಂಪು ಚುಕ್ಕೆಗಳು. ಚುಕ್ಕೆ ಬಾಣದ ಮೊನೆ ಥರ ಚೂಪಾಗಿದ್ರೆ ಕಾಮನ್ ಜೆಜೆಬೆಲ್. ಚೌಕ ಚೌಕವಾಗಿದ್ರೆ ಪೇಂಟೆಡ್ ಸಾಟೂತ್. ಜೆಜೆಬೆಲ್‌ನ ಹುಳುಗಳು ಮಾವಿನ ಮರದ ಮೇಲೆ ಬೆಳೆಯೋ ಬದನಿಕೆಯಂಥ ಗಿಡ ತಿಂದು ಬೆಳೀತವೆ, ಆ ಚಿಟ್ಟೆ ಹಕ್ಕಿಗಳ ಬಾಯಿಗೆ ರುಚಿಸಲ್ಲ. ಅದಕ್ಕೇ ಸಾಟೂತ್ ಅದರ ವೇಷ ಹಾಕಿದೆ. ಮೊದಲನೆಯದು ಊರೊಳಗಿನ ಕೈತೋಟಕ್ಕೂ ಬರುತ್ತೆ, ಎರಡನೆಯದನ್ನ ನೋಡಬೇಕಂದ್ರೆ ಪಶ್ಚಿಮ ಘಟ್ಟದ ಕಡೆ ಹೋಗಬೇಕು.

ಇಂಥ ಒಂದು ಚುಕ್ಕೆಯ ಬಗ್ಗೆ ಮನಸ್ಸಿಟ್ಟು ಮಾತಾಡೋರು ಅಕ್ಕಪಕ್ಕದಲ್ಲಿ ಸಿಗೋದು ಕಷ್ಟ. ಐನ್ಯಾಚುರಲಿಸ್ಟ್‌ನಲ್ಲಿ ಸಿಗ್ತಾರೆ. ಕಂಡ ಜೀವಿಯ ಫೋಟೋ ಹಾಕಿದ್ರೆ ಅದು ಯಾವುದು ಅಂತ ಬೇರೆಯವರು ಗುರುತಿಸಿ ಹೇಳೋ ಜಾಲತಾಣ ಅದು. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೂವರು ವಿದ್ಯಾರ್ಥಿಗಳ ಸ್ನಾತಕೋತ್ತರ ಪ್ರಾಜೆಕ್ಟ್ ಆಗಿ ಶುರುವಾದ ತಾಣ ಇದು. 2023ರಿಂದ ಸ್ವತಂತ್ರ, ಲಾಭದ ಉದ್ದೇಶವಿಲ್ಲದ ಸಂಸ್ಥೆ.

ಖಾತೆ ತೆರೆದ ತಕ್ಷಣ ಎಲ್ಲರೂ ಫೋಟೋ ಹಾಕ್ತಾರೆ, ಯಾರೂ ಉತ್ತರ ಕೊಡಲಿಲ್ಲ ಅಂತ ಬಿಟ್ಟು ಹೋಗ್ತಾರೆ. ಹೆಚ್ಚಾಗಿ ತೊಂದರೆ ಇರೋದು ಫೋಟೋದಲ್ಲೇ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಹಾಕಿದ್ರೆ ಅದರೊಳಗಿನ ದಿನಾಂಕ, ಜಾಗ ಎರಡೂ ಅಳಿಸಿಹೋಗಿರುತ್ತೆ. ಅವಿಲ್ಲದ ದಾಖಲೆ, ಅಂದ್ರೆ ನೀವು ಹಾಕಿದ ಫೋಟೋ ಮತ್ತು ಅದರ ವಿವರ, ಕ್ಯಾಶುಯಲ್ ಗುಂಪಿಗೆ ಹೋಗುತ್ತೆ, ಸಾಮಾನ್ಯವಾಗಿ ಗುರುತಿಸೋರ ಕಣ್ಣಿಗೇ ಬೀಳಲ್ಲ. ಕ್ಯಾಮೆರಾದ ಮೂಲ ಫೈಲನ್ನೇ ಹಾಕಿ. ಒಂದು ದಾಖಲೆಗೆ ಒಂದೇ ಜೀವಿ. ಒಂದೇ ಚಿಟ್ಟೆಯ ನಾಲ್ಕು ಫೋಟೋ ಒಟ್ಟಿಗೆ ಇರಲಿ, ಆದರೆ ಚಿಟ್ಟೆ, ಜೇಡ, ಹೂವು ಮೂರನ್ನೂ ಒಂದರಲ್ಲೇ ತುರುಕಬೇಡಿ. ಚಿಟ್ಟೆಗೆ ರೆಕ್ಕೆಯ ಕೆಳಮೈ ಕಾಣಲೇಬೇಕು. ಗಿಡವಾದ್ರೆ ಪೂರ್ತಿ ಗಿಡ, ಎಲೆಯ ಹಿಂಬದಿ, ಎಲೆ ಕಾಂಡಕ್ಕೆ ಸೇರೋ ಜಾಗ, ಹೂವನ್ನ ಎದುರಿಂದ ಮತ್ತು ಪಕ್ಕದಿಂದ. ಕುಂಡದಲ್ಲಿ ನೆಟ್ಟ ದಾಸವಾಳಕ್ಕೆ 'ಬೆಳೆಸಿದ್ದು' ಅಂತ ಗುರುತು ಹಾಕಿಬಿಡಿ.

ಈಗ ಬರೋದೇ ಮುಖ್ಯ ಜಾಗ. ಎಕ್ಸ್‌ಪ್ಲೋರ್ ಪುಟದಲ್ಲಿ ಸ್ಥಳಕ್ಕೆ ಕರ್ನಾಟಕ ಅಂತ ಕೊಡಿ, ಜೀವಿಗೆ ಚಿಟ್ಟೆಗಳು ಅಂತ ಕೊಡಿ. ಮೇಲೆ ನಾಲ್ಕು ಟ್ಯಾಬ್ ಇದೆ ನೋಡಿ. ಹೆಚ್ಚಿನವರು ಮೊದಲ ಎರಡು ನೋಡಿ ಮುಂದೆ ಹೋಗ್ತಾರೆ. 'ಐಡೆಂಟಿಫೈಯರ್ಸ್' ಒತ್ತಿ. ನಿಮ್ಮ ರಾಜ್ಯದ ಚಿಟ್ಟೆಗಳನ್ನ ಯಾರು ಎಷ್ಟು ಗುರುತಿಸಿದ್ದಾರೆ ಅನ್ನೋ ಪಟ್ಟಿ ಬರುತ್ತೆ. ನಿಮಗೆ ಬೇಕಾದ ಜನ ಇವರೇ. ಪಾಚಿ, ಜೇಡ, ಪತಂಗ, ಅಣಬೆ, ಯಾವುದನ್ನ ಕೊಟ್ಟರೂ ಪಟ್ಟಿ ಬದಲಾಗುತ್ತೆ. ಅವರನ್ನ ಫಾಲೋ ಮಾಡಿ, ಹಳೆಯ ದಾಖಲೆಗಳ ಕೆಳಗೆ ಅವರು ಬರೆದಿರೋ ಕಾಮೆಂಟ್ ಓದಿ. ಯಾವ ಗುರುತು ನೋಡಿ ಆ ಹೆಸರಿಗೆ ಬಂದರು ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಆಮೇಲೆ ನೀವೂ ಕೈ ಜೋಡಿಸಿ. ಐಡೆಂಟಿಫೈ ಪುಟಕ್ಕೆ ಹೋಗಿ, ನಿಮ್ಮ ಜಿಲ್ಲೆ ಆರಿಸಿ, ಖಚಿತವಾಗಿ ಗೊತ್ತಿರೋ ಒಂದೇ ಜಾತಿಯಿಂದ ಶುರು ಮಾಡಿ. ಕಂಪ್ಯೂಟರ್‌ನಲ್ಲಾದ್ರೆ ಐ ಕೀ ಒತ್ತಿದ್ರೆ ಹೆಸರು ಬರೆಯೋ ಜಾಗ, ಸಿ ಒತ್ತಿದ್ರೆ ಕಾಮೆಂಟ್. ದಿನಕ್ಕೆ ಹತ್ತು ಸಾಕು. ಇನ್ನೊಬ್ಬರ ಚಿಟ್ಟೆಗೆ ನೀವು ಹೆಸರು ಹೇಳಿದಾಗ ಅವರಿಗೆ ಸೂಚನೆ ಹೋಗುತ್ತೆ, ಮಾತು ಅಲ್ಲಿಂದಲೇ ಹುಟ್ಟುತ್ತೆ. ಬರೀ ಹೆಸರು ಹಾಕಿ ಸುಮ್ಮನಾಗಬೇಡಿ. 'ಹಿಂರೆಕ್ಕೆಯ ಅಂಚಿನ ಚುಕ್ಕೆ ಚೌಕಾಕಾರ ಇದೆ, ಅದಕ್ಕೆ ಸಾಟೂತ್' ಅಂತ ಒಂದು ಸಾಲು ಬರೀರಿ. ಆ ಒಂದು ಸಾಲಿಗೆ ಸಿಗೋ ಉತ್ತರ ನೂರು ಲೈಕ್‌ಗಿಂತ ದೊಡ್ಡದು.

ಹೊಸಬರು ಒಂದು ತಪ್ಪು ಪದೇ ಪದೇ ಮಾಡ್ತಾರೆ. ಯಾರಾದರೂ ಹೆಸರು ಹೇಳಿದ ಕೂಡಲೇ ಧನ್ಯವಾದ ಅನ್ನೋ ಹಾಗೆ 'ಅಗ್ರೀ' (ಆ ಹೆಸರಿಗೆ ನನ್ನ ಒಪ್ಪಿಗೆಯೂ ಇದೆ ಅನ್ನೋ ಗುಂಡಿ) ಒತ್ತಿಬಿಡ್ತಾರೆ. ಜೀವಿ ಯಾರೂ ಸಾಕಿದ್ದೋ ಬೆಳೆಸಿದ್ದೋ ಆಗಿರದೆ, ದಿನಾಂಕ, ಜಾಗ, ಫೋಟೋ ಎಲ್ಲ ಸರಿಯಿದ್ದು, ಗುರುತಿಸಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಜಾತಿ ಹೇಳಿದ್ರೆ ದಾಖಲೆ ರಿಸರ್ಚ್ ಗ್ರೇಡ್, ಅಂದ್ರೆ ಸಂಶೋಧನೆಗೆ ಬಳಸಬಹುದಾದ ದರ್ಜೆಯದು, ಆಗುತ್ತೆ. ಅದಕ್ಕೆ ಇಬ್ಬರು ಸಾಕು. ಅಂದ್ರೆ ಅವರದ್ದೊಂದು, ನಿಮ್ಮದೊಂದು. ಅವರು ತಪ್ಪಿದ್ದರೆ ಆ ತಪ್ಪಿಗೆ ನೀವೇ ಮುದ್ರೆ ಒತ್ತಿದ ಹಾಗೆ. ಧನ್ಯವಾದವನ್ನ ಕಾಮೆಂಟಲ್ಲಿ ಹೇಳಿ, ಚುಕ್ಕೆ ನಿಮಗೇ ಕಂಡ ಮೇಲೆ ಅಗ್ರೀ ಒತ್ತಿ.

ಮನೆಯಂಗಳದ ಫೋಟೋ ಹಾಕುವಾಗ ಜಾಗವನ್ನ 'ಅಬ್ಸ್ಕ್ಯೂರ್ಡ್' ಮಾಡಿ. ಆಗ ಸುಮಾರು 20 ಕಿಲೋಮೀಟರ್ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಮಾತ್ರ ಬೇರೆಯವರಿಗೆ ಕಾಣುತ್ತೆ.

ಕನ್ನಡದವರು ಮಾಡಬಹುದಾದ ಇನ್ನೊಂದು ಕೆಲಸ ಇದೆ. ಜಾತಿಯ ಪುಟದಲ್ಲಿ ಟ್ಯಾಕ್ಸಾನಮಿ ಟ್ಯಾಬ್ ತೆರೆದ್ರೆ ಹೆಸರು ಸೇರಿಸೋ ಅವಕಾಶ ಸಿಗುತ್ತೆ, ಭಾಷೆ ಕನ್ನಡ ಅಂತ ಆರಿಸಬೇಕು. ಇಂಗ್ಲಿಷ್ ಹೆಸರನ್ನ ನೀವೇ ಅನುವಾದ ಮಾಡಿ ಹಾಕಬೇಡಿ, ಜನ ನಿಜವಾಗಿ ಕರೆಯೋ ಹೆಸರೇ ಇರಲಿ. ಬದನಿಕೆಯನ್ನ ಬಂದಳಿಕೆ ಅನ್ನೋರೂ ಇದ್ದಾರೆ. ನಿಮ್ಮ ಊರಲ್ಲಿ ಏನಂತಾರೆ ಅಂತ ದಾಖಲೆಯ ಕೆಳಗೆ ಬರೀರಿ, ಪಕ್ಕದ ಜಿಲ್ಲೆಯವರು ಬಂದು ತಮ್ಮ ಹೆಸರು ಹೇಳಲಿ.