ಕೊನೆಯ ಪುಟದ ಜಾಹೀರಾತು

ನಮಸ್ಕಾರ ಕೇಳುಗರೇ. ನಮ್ಮದು ಹಳೆ ನಾಣ್ಯ ಕೂಡಿಡುವವರ ಸಣ್ಣ ಬಳಗ. ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತೇವೆ. ಅದರ ಕೊನೆಯ ಪುಟ ‘ಮಾರಾಟಕ್ಕಿದೆ, ಬೇಕಾಗಿದೆ’. ಅಲ್ಲಿಗೆ ಬರುವ ಜಾಹೀರಾತು ಓದಿ, ಯಾವುದು ಅಚ್ಚಾಗಬೇಕು, ಯಾವುದು ಬೇಡ ಅಂತ ನೋಡುವುದು ನನ್ನ ಕೆಲಸ.

ಎರಡು ಸಾಲಿನ ಜಾಹೀರಾತಿನಲ್ಲಿ ನೋಡುವುದಕ್ಕೆ ಏನಿದೆ ಅಂತೀರಾ? ತುಂಬಾ ಇದೆ. ‘ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, 1862, ಬಹಳ ಅಪರೂಪ’ ಅಂತ ಒಬ್ಬರು ಬರೆದು ಕಳಿಸುತ್ತಾರೆ. 1862 ಅನ್ನುವ ಇಸವಿಯನ್ನೇ ಮುಂದೆ ಎಷ್ಟೋ ವರ್ಷ ರೂಪಾಯಿ ಮೇಲೆ ಒತ್ತುತ್ತಾ ಹೋದರು, ಹಾಗಾಗಿ ಅದು ಬೇಕಾದಷ್ಟು ಸಿಗುತ್ತದೆ. ‘ಅಪರೂಪ’ ಅನ್ನುವ ಪದ ಹೊಡೆದು ಹಾಕುತ್ತೇನೆ. 1939ರ ರೂಪಾಯಿ ಅಂತ ಬಂದರೆ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ, ಅದು ನಿಜಕ್ಕೂ ಅಪರೂಪ, ಅದಕ್ಕೇ ಅನುಮಾನವೂ ಜಾಸ್ತಿ. ಎರಡೂ ಬದಿಯ ಫೋಟೊ ಬೇಕು, ತೂಕ ಬೇಕು. ಬೆಳ್ಳಿ ರೂಪಾಯಿ 11.66 ಗ್ರಾಂ ಇರಬೇಕು, ಸವೆದಿದ್ದರೆ ಸ್ವಲ್ಪ ಕಡಿಮೆ. ಒಂಬತ್ತೂವರೆ ತೂಗಿದರೆ ಮಾತೇ ಬೇಡ. ಹುಣಸೆಹಣ್ಣು ಹಾಕಿ ಉಜ್ಜಿದ್ದರೆ ಅದನ್ನೂ ಬರೆಯಬೇಕು, ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಪಾಪ.

‘ಹೊಲ ಉಳುವಾಗ ಸಿಕ್ಕಿದ್ದು’ ಅಂತ ಬರೆದಿದ್ದರೆ ಆ ಜಾಹೀರಾತು ಅಲ್ಲಿಗೇ ನಿಂತಿತು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದಕ್ಕೆ ಕಾನೂನೇ ಇದೆ. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಮಾರುವ ಹಾಗೂ ಇಲ್ಲ.

ಇದೆಲ್ಲ ಸುಲಭ. ಕಷ್ಟ ಅಂದರೆ, ಮೋಸ ಮಾಡುವವರಲ್ಲ, ಮೋಸ ಹೋದವರು ಕಳಿಸುವ ಜಾಹೀರಾತು.

ಹೋದ ವರ್ಷ ಹಿರಿಯರೊಬ್ಬರು ಹುಡುಕಿಕೊಂಡು ಬಂದರು. ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡಿದ್ದ ಗಂಟು ಬಿಚ್ಚಿ ತಾಮ್ರದ ನಾಣ್ಯ ಕೈಗಿಟ್ಟರು. ಒಂದು ಕಡೆ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818. ‘ಇದು ಅಕ್ಕಿ ಕಾಳನ್ನು ಅಯಸ್ಕಾಂತದ ಹಾಗೆ ತನ್ನ ಕಡೆ ಎಳೆಯುತ್ತದಂತೆ ಸ್ವಾಮಿ, ಹತ್ತು ಲಕ್ಷ ಅಂತ ಹಾಕಿ’ ಅಂದರು. ಕಂಪನಿಯವರು ಹನುಮಂತನ ನಾಣ್ಯ ಯಾವತ್ತೂ ಹೊರಡಿಸಿರಲಿಲ್ಲ. ಇವೆಲ್ಲ ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ಅಕ್ಕಿ ಎಳೆಯುವುದಂತೂ ಬರೀ ಕೈಚಳಕ, ನಾಣ್ಯದಲ್ಲಿ ಏನೂ ಇಲ್ಲ. ಹೇಳಬೇಕಲ್ಲ, ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ನಿಧಾನವಾಗಿ ಇನ್ನೊಂದು ವಿಷಯ ಹೊರಬಂತು. ಫೋನಿನಲ್ಲಿ ಯಾರೋ ‘ನಾವು ಕೊಳ್ಳುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ, ರಿಸರ್ವ್ ಬ್ಯಾಂಕ್ ಕಮಿಷನ್ ಕಟ್ಟಿ’ ಅಂದಿದ್ದಾರೆ. ಇವರು ಎರಡು ಸಲ ಕಟ್ಟಿದ್ದಾರೆ. ಮಗನಿಗೆ ಹೇಳಿಲ್ಲ. ಹಳೆ ನಾಣ್ಯ, ಹಳೆ ನೋಟಿನ ವ್ಯವಹಾರ ನಮ್ಮದಲ್ಲ, ಅದಕ್ಕೆ ಕಮಿಷನ್ ಕೇಳುವುದೂ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಸಾರಿ ಹೇಳಿತ್ತು. ಆ ಮಾತು ಇವರ ಮನೆ ಬಾಗಿಲಿಗೆ ಹೋಗಿ ಮುಟ್ಟಿರಲಿಲ್ಲ, ಅಷ್ಟೇ. ನಾನೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ ಕೊಟ್ಟೆ, ಪಕ್ಕದಲ್ಲಿ ಕೂತೆ.

ಅವತ್ತಿನಿಂದ ಬೇಡ ಅಂದ ಜಾಹೀರಾತನ್ನು ನಾನು ಸುಮ್ನೆ ಕಸದ ಬುಟ್ಟಿಗೆ ಹಾಕುವುದಿಲ್ಲ. ಕಳಿಸಿದವರಿಗೆ ಫೋನ್ ಮಾಡಿ ಯಾಕೆ ಬೇಡ ಅಂತ ಹೇಳುತ್ತೇನೆ, ಯಾರಿಗಾದರೂ ದುಡ್ಡು ಕಟ್ಟಿದ್ದೀರಾ ಅಂತಲೂ ಕೇಳುತ್ತೇನೆ.

ಹೊರಡುವಾಗ ಆ ಹಿರಿಯರು ‘ಹಾಗಾದರೆ ಇದನ್ನ ಏನು ಮಾಡಲಿ?’ ಅಂದರು. ‘ಹನುಮಂತ ಇದ್ದಾನಲ್ಲ, ದೇವರ ಗೂಡಿನಲ್ಲಿ ಇಡಿ’ ಅಂದೆ. ಮತ್ತೆ ಪಂಚೆಯ ಅಂಚಿಗೇ ಗಂಟು ಹಾಕಿಕೊಂಡು ಹೋದರು.