ಆರನೇ ಸೆಮಿಸ್ಟರಿನೊಳಗೆ ಒಂದು ಕೆಲಸ

ಕೇಳುಗರಿಗೆ ನಮಸ್ಕಾರ. ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು, ಅದರಲ್ಲೂ ಐದನೇ, ಆರನೇ ಸೆಮಿಸ್ಟರಿನಲ್ಲಿರುವವರು, ಹಾಸ್ಟೆಲಿನಲ್ಲೋ ಪಿ.ಜಿ.ಯಲ್ಲೋ ಕೂತು ಕೇಳುತ್ತಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ಊರಿನಲ್ಲಿ ನಿಮ್ಮ ಅಪ್ಪ ಅಮ್ಮ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು, ಕೊನೆಯಲ್ಲಿ ಅವರಿಗೂ ಒಂದು ಮಾತಿದೆ.

ಯಾವ ಕೋರ್ಸ್ ಸೇರಬೇಕು, ಯಾವ ಸರ್ಟಿಫಿಕೇಟ್ ಮಾಡಿಸಬೇಕು, ಪೈಥಾನೋ ಜಾವಾನೋ ಎಂದೆಲ್ಲ ಕೇಳುತ್ತೀರಿ. ನನ್ನ ಉತ್ತರ ಒಂದೇ. ಆರನೇ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ಕೆಲಸವನ್ನು, ಅಂದರೆ ಒಂದು ಪ್ರಾಜೆಕ್ಟನ್ನು, ನಿಮ್ಮ ಕೈಯಾರೆ ಮಾಡಿ ಮುಗಿಸಿ. ಚಿಕ್ಕದಿರಲಿ, ಪರವಾಗಿಲ್ಲ. ಅದು ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು, ಹೇಗೆ ಸರಿಮಾಡಿದಿರಿ ಎಂದು ಹತ್ತು ನಿಮಿಷ ತಡವರಿಸದೆ ಹೇಳಲು ಬರಬೇಕು.

ಆರನೇ ಸೆಮಿಸ್ಟರೇ ಏಕೆ? ಕ್ಯಾಂಪಸ್ಸಿಗೆ ಕಂಪನಿಗಳು ಬರಲು ಶುರುವಾಗುವುದು ಸಾಮಾನ್ಯವಾಗಿ ಏಳನೇ ಸೆಮಿಸ್ಟರಿನ ಆರಂಭದಲ್ಲೇ. ಆಗ ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೆಸರಿಟ್ಟಿರುತ್ತೀರಿ, ಅಷ್ಟೇ. ಸಂದರ್ಶನದಲ್ಲಿ ಮಾತಾಡಲು ಕೈಯಲ್ಲಿ ಏನೂ ಇರುವುದಿಲ್ಲ. ಮೂರನೇ ವರ್ಷದ ಮಿನಿ ಪ್ರಾಜೆಕ್ಟನ್ನು ಹಿಂದಿನ ಬ್ಯಾಚಿನವರ ರಿಪೋರ್ಟಿನಿಂದ ಎತ್ತಿ ಮುಗಿಸಿಬಿಡುತ್ತಾರಲ್ಲ, ನಿಜವಾಗಿ ಎಣಿಕೆಗೆ ಬರುವ ಪ್ರಾಜೆಕ್ಟ್ ಅದೇ. ದೊಡ್ಡ ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ಬರುವ ಕಂಪನಿ ಬಂದು ಹೋಗಿರುತ್ತದೆ.

ಇನ್ನು ದುಡ್ಡು ಕೊಟ್ಟು ಪ್ರಾಜೆಕ್ಟ್ ತರುವ ವಿಚಾರ. ಕಿಟ್ಟು, ಕೋಡು, ರಿಪೋರ್ಟು, ಪಿಪಿಟಿ ಎಲ್ಲ ಸೇರಿಸಿ ಕೊಡುವವರಿದ್ದಾರೆ. ನಾಲ್ಕು ಜನ ಸೇರಿ ಸಾವಿರಗಟ್ಟಲೆ ಕೊಡುತ್ತೀರಿ. ದಯವಿಟ್ಟು ಬೇಡ. ದುಡ್ಡು ಹೋಗುವುದು ಚಿಕ್ಕ ನಷ್ಟ. ಏನು ಕಳೆದುಕೊಳ್ಳುತ್ತೀರಿ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಸ್ವಲ್ಪ ಉದ್ದವಿದೆ, ಆದರೆ ಪೂರ್ತಿ ಕೇಳಬೇಕು.

ಎಲೆಕ್ಟ್ರಾನಿಕ್ಸ್ ಓದಿದ ಒಬ್ಬ ಹುಡುಗಿ, ಅಂಕಗಳು ಸಾಧಾರಣ. ರೆಸ್ಯೂಮೆಯಲ್ಲಿ ಬರೆದದ್ದು, ಗಿಡಕ್ಕೆ ತಾನಾಗಿಯೇ ನೀರು ಬಿಡುವ ವ್ಯವಸ್ಥೆ. ಸಂದರ್ಶನ ಮಾಡುವವರಿಗೆ ಈ ಪ್ರಾಜೆಕ್ಟ್ ನೋಡಿ ನೋಡಿ ಸಾಕಾಗಿರುತ್ತದೆ. ಪ್ರೋಗ್ರಾಂ ಹಾಕಿ ನಡೆಸುವ ಒಂದು ಪುಟ್ಟ ಆರ್ಡುಯಿನೊ ಬೋರ್ಡು, ಮಣ್ಣಿನ ತೇವ ಅಳೆಯುವ ಎರಡು ಹಲ್ಲಿನ ಸೆನ್ಸರ್, ಪಂಪನ್ನು ಆನ್ ಆಫ್ ಮಾಡಲು ಒಂದು ರಿಲೇ, ಒಂದು ಸಣ್ಣ ಪಂಪು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಎಲ್ಲ ಸಿಗುತ್ತದೆ. ಸಂದರ್ಶಕರು ಕಾಗದದಿಂದ ತಲೆ ಎತ್ತದೆ ಕೇಳಿದರು: "ಪಂಪ್ ಆನ್ ಆದಾಗ ಬೋರ್ಡ್ ರೀಸೆಟ್ ಆಗಲಿಲ್ಲವೇನಮ್ಮ?"

ಪ್ರಾಜೆಕ್ಟ್ ಕೊಂಡು ತಂದವರು ಇಲ್ಲಿ ಹೇಳುವುದು, "ಇಲ್ಲ ಸರ್, ಚೆನ್ನಾಗಿಯೇ ಇತ್ತು." ಮಾತು ಅಲ್ಲಿಗೇ ಮುಗಿಯುತ್ತದೆ.

ಈ ಹುಡುಗಿ "ಆಯಿತು ಸರ್, ಪ್ರತಿ ಸಲವೂ ಆಗುತ್ತಿತ್ತು" ಎಂದಳು. ಪಂಪಿಗೂ ಬೋರ್ಡಿನ 5 ವೋಲ್ಟಿನಿಂದಲೇ ಕರೆಂಟ್ ಕೊಟ್ಟಿದ್ದಳು. ಮೋಟರು ತಿರುಗಲು ಶುರುವಾಗುವ ಕ್ಷಣದಲ್ಲಿ ಹೆಚ್ಚು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಪಂಪಿಗೆ ಬೇರೆ ಅಡಾಪ್ಟರ್ ಹಾಕಿದಳು. ಆಗ ಆನ್ ಮಾಡುವಾಗ ಸರಿಹೋಯಿತು, ಆಫ್ ಮಾಡುವಾಗ ಒಮ್ಮೊಮ್ಮೆ ಬೋರ್ಡ್ ನಿಂತೇಹೋಗುತ್ತಿತ್ತು. ಮೋಟರಿನೊಳಗಿನದು ಕಾಯಿಲ್ ತಾನೆ, ಕರೆಂಟನ್ನು ಥಟ್ಟನೆ ಕತ್ತರಿಸಿದರೆ ಅದು ಉಲ್ಟಾ ದಿಕ್ಕಿನಲ್ಲಿ ದೊಡ್ಡ ವೋಲ್ಟೇಜ್ ಎಬ್ಬಿಸುತ್ತದೆ. ಮೋಟರಿನ ಎರಡು ತುದಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಒಂದು 1ಎನ್4007 ಡಯೋಡನ್ನು ತಿರುವುಮುರುವಾಗಿ, ಅಂದರೆ ಬೆಳ್ಳಿ ಪಟ್ಟಿಯ ಕಡೆ ಪ್ಲಸ್ಸಿಗೆ ಬರುವಂತೆ, ಬೆಸೆದಳು. ತೊಂದರೆ ನಿಂತಿತು. ಎರಡು ಮೂರು ರೂಪಾಯಿಯ ಡಯೋಡು.

ಸಂದರ್ಶಕರು ಕಾಗದ ಪಕ್ಕಕ್ಕಿಟ್ಟರು. "ಆಮೇಲೆ?" ಎಂದರು.

ಆಮೇಲೆ ಸೆನ್ಸರ್ ಹಾಳಾಯಿತು. ಕೆಲವೇ ವಾರಗಳಲ್ಲಿ ಒಂದು ಹಲ್ಲಿನ ಲೋಹ ಕರಗಿ ಕಪ್ಪಾಯಿತು. ಒದ್ದೆ ಮಣ್ಣಿನಲ್ಲಿ ಹಗಲೂ ರಾತ್ರಿ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್, ಹರಿಸಿದರೆ ಲೋಹ ಕರಗಿಸುವ ಎಲೆಕ್ಟ್ರಾಲಿಸಿಸ್ ಆಗದೆ ಇನ್ನೇನು? ಪಿಯುಸಿ ಕೆಮಿಸ್ಟ್ರಿ ಅದು! ಹೊಸ ಸೆನ್ಸರ್ ತಂದು, ಅದರ ಪವರ್ ತಂತಿಯನ್ನು ಬೋರ್ಡಿನ ಒಂದು ಡಿಜಿಟಲ್ ಪಿನ್ನಿಗೆ ಕೊಟ್ಟಳು. ಅರ್ಧ ಗಂಟೆಗೊಮ್ಮೆ ಕ್ಷಣ ಹೊತ್ತು ಆನ್, ರೀಡಿಂಗ್ ತೆಗೆದುಕೊಂಡು ಮತ್ತೆ ಆಫ್. ಸೆನ್ಸರ್ ಉಳಿಯಿತು.

ಮೂರನೆಯದು ನನಗೆ ತುಂಬಾ ಇಷ್ಟವಾದ ಭಾಗ. ಸೆನ್ಸರನ್ನು ಓದಿ ಬೋರ್ಡ್ 0ಯಿಂದ 1023ರ ತನಕ ಒಂದು ಅಂಕಿ ಕೊಡುತ್ತದೆ. ಎಷ್ಟು ಬಂದಾಗ ನೀರು ಬಿಡಬೇಕು? ಎಲ್ಲರೂ ಇಂಟರ್ನೆಟ್ಟಿನಿಂದ ಒಂದು ಅಂಕಿ ಎತ್ತಿ ಹಾಕುತ್ತಾರೆ. ಇವಳು 500 ಗ್ರಾಂ ಮಣ್ಣನ್ನು ಪೂರ್ತಿ ಒಣಗಿಸಿ, 25 ಮಿಲಿಲೀಟರಿನಂತೆ ನೀರು ಸೇರಿಸುತ್ತ, ಕಲೆಸಿ, ಒಂದೊಂದು ಸಲವೂ ರೀಡಿಂಗ್ ಬರೆದುಕೊಂಡಳು. ಕೆಂಪು ಮಣ್ಣಿಗೊಂದು ಗ್ರಾಫು, ಎರೆಮಣ್ಣಿಗೊಂದು ಗ್ರಾಫು. ಎರಡೂ ಬೇರೆ ಬೇರೆ ಬಂದವು. ಕೆಂಪು ಮಣ್ಣಿಗೆ ಇಟ್ಟ ಅಂಕಿ ಎರೆಮಣ್ಣಿಗೆ ನಡೆಯುವುದಿಲ್ಲ ಎಂದು ಗ್ರಾಫ್ ತೋರಿಸಿ ಹೇಳಿದಳು. ಕೆಲಸ ಅವಳಿಗೆ ಸಿಕ್ಕಿತು.

ಆ ಕಂಪನಿಯವರೇನು ಗಿಡಕ್ಕೆ ನೀರು ಬಿಡಿಸುವವರಲ್ಲ. ಕೆಟ್ಟದ್ದನ್ನು ಗುರುತಿಸಿ, ಕಾರಣ ಹುಡುಕಿ, ಅಳೆದು ನೋಡುವ ಅಭ್ಯಾಸ ಈಕೆಗಿದೆ ಎಂಬುದು ಅವರಿಗೆ ಬೇಕಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಅದು ಕಾಣುವುದಿಲ್ಲ, ಕೊಂಡು ತಂದ ಕಿಟ್ಟಿನಲ್ಲಿ ಇರುವುದೇ ಇಲ್ಲ. ಅದಕ್ಕೇ ಹೇಳುವುದು, ಕೈಯಾರೆ ಮಾಡಿ.

ಬೇರೆ ವಿಭಾಗದವರೂ ಇದನ್ನೇ ಮಾಡಬಹುದು. ಸಿವಿಲ್‌ನವರು ಎಂ25 ದರ್ಜೆಯ ಕಾಂಕ್ರೀಟಿನ 150 ಮಿಲಿಮೀಟರ್ ಕ್ಯೂಬುಗಳನ್ನು ಎರಡು ಸೆಟ್ ಎರೆಯಿರಿ. ಒಂದಕ್ಕೆ ಲೆಕ್ಕದ ನೀರು, ಇನ್ನೊಂದಕ್ಕೆ ಮೇಸ್ತ್ರಿಗಳು ಸೈಟಿನಲ್ಲಿ ಸುರಿಯುವಂತೆ ಒಂದಿಷ್ಟು ಹೆಚ್ಚು. 7 ಮತ್ತು 28ನೇ ದಿನ ಒಡೆದು ನೋಡಿ, ಎಷ್ಟು ಬಲ ಹೋಯಿತು ಎಂಬ ಅಂಕಿ ನಿಮ್ಮದೇ ಆಗಿರುತ್ತದೆ. ಮೆಕ್ಯಾನಿಕಲ್‌ನವರು 25 ಮಿಲಿಮೀಟರ್ ಶಾಫ್ಟನ್ನು ಎಚ್6 ಎಂಬ ಬಿಗಿಯಾದ ಅಳತೆ ಮಿತಿಗೆ ತರಲು ಲೇತಿನಲ್ಲಿ ಪ್ರಯತ್ನಿಸಿ. ಚಿಕ್ಕಕ್ಷರದ ಎಚ್. ನಿಮಗಿರುವ ಏರುಪೇರಿನ ಅವಕಾಶ 13 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಕಾಲೇಜಿನ ಮೈಕ್ರೊಮೀಟರ್ ತೋರಿಸುವುದು 10 ಮೈಕ್ರಾನಿಗೊಂದು ಗೆರೆ. ಕಷ್ಟ ಏನೆಂದು ಅಲ್ಲೇ ಗೊತ್ತಾಗುತ್ತದೆ. ಕಂಪ್ಯೂಟರ್‌ನವರು ಒಂದು ಸೀಟ್ ಬುಕಿಂಗ್ ಬರೆಯಿರಿ. ಉಳಿದ ಒಂದೇ ಸೀಟನ್ನು ಇಬ್ಬರು ಒಂದೇ ಕ್ಷಣಕ್ಕೆ ಒತ್ತಿದರೆ ಏನಾಗುತ್ತದೆ ನೋಡಿ. ಇಬ್ಬರಿಗೂ ಸಿಕ್ಕಿತೇ? ಹಾಗಾದರೆ ಟ್ರಾನ್ಸಾಕ್ಷನ್, ಲಾಕಿಂಗ್ ಎಂದರೇನು ಎಂದು ಓದಲು ಈಗ ನಿಮಗೊಂದು ಕಾರಣವಿದೆ. ಎಐ ಕೈಲಿ ಕೋಡ್ ಬರೆಸಿದರೂ ಈ ಪರೀಕ್ಷೆ ನೀವೇ ಮಾಡಬೇಕು.

ಸಮಯ ಕಡಿಮೆಯಾಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ರೆಸ್ಯೂಮೆ ಒಂದೇ ಪುಟ. ತಂದೆಯ ಹೆಸರು, ಹವ್ಯಾಸ, ಬರೆದದ್ದೆಲ್ಲ ನಿಜ ಎಂಬ ಕೆಳಗಡೆಯ ಘೋಷಣೆ ಯಾವುದೂ ಬೇಡ. ಮಾಡಿದ ಕೆಲಸದ ಬಗ್ಗೆ ಮೂರು ಸಾಲು: ಏನು ಮಾಡಿದಿರಿ, ಎಲ್ಲಿ ಕೆಟ್ಟಿತು, ಅಳೆದಾಗ ಬಂದ ಅಂಕಿ ಎಷ್ಟು. ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇದ್ದರೆ ಮೊದಲು ಅದನ್ನು ತೀರಿಸಿ, ಎಷ್ಟೋ ಕಂಪನಿಗಳು ಅದು ಇದ್ದವರನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ.

ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಸ್ಕೋರ್ 3 ವರ್ಷ ನಡೆಯುತ್ತದೆ. 100 ಅಂಕಗಳಲ್ಲಿ 15 ಜನರಲ್ ಆಪ್ಟಿಟ್ಯೂಡ್, ಅದನ್ನು ಕಡೆಗಣಿಸಬೇಡಿ. ಉತ್ತರವನ್ನು ಅಂಕಿಯಾಗಿ ತುಂಬುವ ಪ್ರಶ್ನೆಗಳಿಗೆ ನೆಗೆಟಿವ್ ಮಾರ್ಕಿಂಗ್ ಇಲ್ಲ, ಅವನ್ನು ಖಾಲಿ ಬಿಡಬೇಡಿ.

ಪದವಿ ಮುಗಿದು ಕೆಲಸ ಸಿಗದೆ ಕೂತವರು ಅಪ್ರೆಂಟಿಸ್‌ಶಿಪ್ ಮರೆತೇಬಿಡುತ್ತಾರೆ. ಅಪ್ರೆಂಟಿಸ್‌ಶಿಪ್‌ಗೆಂದೇ ಇರುವ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ. ಎಚ್ಎಎಲ್, ಬಿಇಎಲ್‌ನಂಥ ಸಂಸ್ಥೆಗಳು ಪದವೀಧರರನ್ನು ಒಂದು ವರ್ಷದ ತರಬೇತಿಗೆ ತೆಗೆದುಕೊಳ್ಳುತ್ತವೆ, ಸ್ಟೈಪೆಂಡ್ ಇದೆ. ಕಾಯಂ ಕೆಲಸದ ಭರವಸೆ ಇಲ್ಲ, ನಿಜ. ಆದರೆ ಒಂದು ವರ್ಷ ನಿಜವಾದ ಯಂತ್ರದ ಮುಂದೆ ನಿಲ್ಲುತ್ತೀರಿ. ಕೈಯಾರೆ ಮಾಡಲು ಕಾಲೇಜಿನಲ್ಲಿ ಅವಕಾಶ ತಪ್ಪಿಹೋದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇನ್ನು ಅಪ್ಪ ಅಮ್ಮನಿಗೆ. ಕೆಲಸ ಕೊಡಿಸುತ್ತೇವೆ, ಮೊದಲು ಡೆಪಾಸಿಟ್ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸರಿಯಾದ ಕಂಪನಿ ಕೆಲಸ ಕೊಡಲು ದುಡ್ಡು ಕೇಳುವುದಿಲ್ಲ. ಆಫರ್ ಲೆಟರ್ ಬಂದರೆ ಅದು ಕಂಪನಿಯ ಸ್ವಂತ ಇಮೇಲ್ ವಿಳಾಸದಿಂದ ಬಂದಿದೆಯೇ ನೋಡಿಸಿ, ಬಾಂಡ್ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಓದಿಸಿ, ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒಪ್ಪಿಸಿಬಿಡಬೇಡಿ. ಮತ್ತೆ, ಮಗ ಮನೆಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕೂತರೆ, ಮಗಳು ಒಣಗಿದ ಮಣ್ಣನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಬೈಯಬೇಡಿ. ಏನು ಮಾಡುತ್ತಿದ್ದೀಯ, ತೋರಿಸು ಎಂದು ಕೇಳಿ. ನಿಮಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ಸಂದರ್ಶನದಲ್ಲೂ ಹೇಳಲು ಬರುತ್ತದೆ. ನಮಸ್ಕಾರ.