ಕೆರೆಗಳನ್ನು ಎಣಿಸಿದ ಸಂಸದ

ಕೇಳುಗರಿಗೆ ನಮಸ್ಕಾರ.

ಇವತ್ತು ಎಡ್ಮಂಡ್ ಬರ್ಕ್ ಬಗ್ಗೆ ಮಾತಾಡೋಣ. ಮೂರನೇ ಜಾರ್ಜ್ ದೊರೆಯ ಕಾಲದಲ್ಲಿ, 1765ರಿಂದ 1794ರವರೆಗೆ, ಹೆಚ್ಚುಕಡಿಮೆ ಬಿಡುವಿಲ್ಲದೆ ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿದ್ದವರು. ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ವಕೀಲರ ಮಗ. ದೊಡ್ಡ ಮನೆತನದ ಬಲ ಇರಲಿಲ್ಲ. ರಾಕಿಂಗ್‌ಹ್ಯಾಮ್ ಎಂಬ ಶ್ರೀಮಂತ ನಾಯಕರಿಗೆ ಕಾರ್ಯದರ್ಶಿಯಾಗಿ ರಾಜಕೀಯಕ್ಕೆ ಬಂದರು. ಮಂತ್ರಿಮಂಡಲದಲ್ಲಿ ಜಾಗ ಕೊನೆಗೂ ಸಿಗಲಿಲ್ಲ.

1774ರಲ್ಲಿ ಬ್ರಿಸ್ಟಲ್ ನಗರದಿಂದ ಗೆದ್ದರು. ಗೆದ್ದ ದಿನವೇ ಮತದಾರರ ಮುಂದೆ ನಿಂತು, ನಿಮ್ಮ ಅಭಿಪ್ರಾಯಕ್ಕೆ ಬೆಲೆ ಕೊಡುತ್ತೇನೆ, ಆದರೆ ನನ್ನ ವಿವೇಕವನ್ನು ಅದಕ್ಕೆ ಒಪ್ಪಿಸಿಬಿಟ್ಟರೆ ನಿಮಗೇ ದ್ರೋಹ ಮಾಡಿದ ಹಾಗೆ ಎಂದರು. ಗೆದ್ದ ದಿನ ಯಾರಾದರೂ ಹೀಗೆ ಮಾತಾಡ್ತಾರಾ! ಮುಂದೆ ನಡೆದುಕೊಂಡದ್ದೂ ಹಾಗೆಯೇ. ಐರ್ಲೆಂಡಿನ ವ್ಯಾಪಾರದ ಮೇಲಿನ ಕಟ್ಟುಪಾಡು ಸಡಿಲವಾಗಲಿ ಎಂದಾಗ ಬ್ರಿಸ್ಟಲ್ ವರ್ತಕರು ಸಿಟ್ಟಾದರು. 1780ರಲ್ಲಿ ಆ ಸೀಟು ಹೋಯಿತು. ಆಮೇಲೆ ರಾಕಿಂಗ್‌ಹ್ಯಾಮ್ ಅವರ ಹಿಡಿತದಲ್ಲಿದ್ದ ಮಾಲ್ಟನ್ ಎಂಬ ಸಣ್ಣ ಊರಿನಿಂದ ಸಭೆಗೆ ಬಂದರು. ಮತದ ಹಕ್ಕು ಇನ್ನಷ್ಟು ಜನಕ್ಕೆ ಸಿಗಬೇಕೆಂಬ ಬೇಡಿಕೆಯನ್ನು ಇದೇ ಬರ್ಕ್ ವಿರೋಧಿಸಿದರು. ಅದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಆದರೆ ಮತವೇ ಇಲ್ಲದ, ತಾವು ಕಣ್ಣಾರೆ ಕಾಣದ ಜನರ ಪರ ಅವರು ನಿಂತ ರೀತಿ ನೋಡಿ. ಬರ್ಕ್ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಆರ್ಕಾಟ್ ನವಾಬ ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿ ನೌಕರರಿಂದ ಸಾಲ ತಂದಿದ್ದ. ಆ ಸಾಲವನ್ನು ಸರಿಯಾಗಿ ವಿಚಾರಿಸದೆ, ಅಲ್ಲಿನ ಕಂದಾಯದಿಂದ ತೀರಿಸಲು ಲಂಡನ್ ಸರ್ಕಾರ ಹೊರಟಿತು. 1785ರ ಫೆಬ್ರವರಿ 28ರಂದು ಬರ್ಕ್ ಇದನ್ನು ಸಭೆಯಲ್ಲಿ ಬಿಚ್ಚಿಟ್ಟರು. 1780ರಲ್ಲಿ ನಮ್ಮ ಮೈಸೂರಿನ ಹೈದರಾಲಿ ಘಟ್ಟ ಇಳಿದು ಆರ್ಕಾಟ್ ಸೀಮೆಗೆ ನುಗ್ಗಿದ್ದನ್ನು, ಬೆಟ್ಟದ ಮೇಲೆ ಕವಿದು ನಿಂತ ಕರಿಮೋಡ ಒಮ್ಮೆಲೇ ಬಯಲಿನ ಮೇಲೆ ಸುರಿದಂತೆ ಎಂದು ವರ್ಣಿಸಿದರು. ಹೈದರನನ್ನು ಕೆಣಕಿದ್ದು, ಕೊಟ್ಟ ಮಾತು ಮುರಿದದ್ದು ಮದ್ರಾಸಿನವರೇ ಎಂದೂ ಹೇಳಿದರು.

ಅದೇ ಭಾಷಣದಲ್ಲಿ ಕೆರೆಗಳ ಮಾತು ಬರುತ್ತದೆ. ಮದ್ರಾಸಿನ ಸುತ್ತ ಕಂಪನಿಗಿದ್ದ ಜಾಗೀರಿನ ನಕ್ಷೆಯನ್ನು ಮುಂದಿಟ್ಟುಕೊಂಡು ಬರ್ಕ್ ತಾವೇ ಕೂತು ಕೆರೆಗಳನ್ನು ಎಣಿಸಿದ್ದರು. 1,100ಕ್ಕೂ ಜಾಸ್ತಿ! ಎರಡು ಮೂರು ಎಕರೆಯವು, ಐದು ಮೈಲಿ ಸುತ್ತಳತೆಯವು, ಎಲ್ಲಾ ಇದ್ದವು. ಕೆರೆ ಕಟ್ಟಿಸಿದ ಹಳೆಯ ಅರಸರನ್ನು ಪ್ರಜೆಗಳ ತಂದೆಯಂಥವರು ಎಂದು ಕೊಂಡಾಡಿದರು. ಯುದ್ಧದಲ್ಲಿ ಹಾಳಾದ ಈ ನಾಡಿಗೆ ಮೊದಲು ಕೆರೆ, ಬೇಸಾಯ ಸರಿಯಾಗಬೇಕು. ಅದು ಬಿಟ್ಟು ಬಡ್ಡಿ ವಸೂಲಿಯೇ ಎಂಬುದು ಅವರ ಸಂಕಟ. ಲಂಡನ್ನಿನಲ್ಲಿ ಕೂತ ಒಬ್ಬ ಸಂಸದ ನಮ್ಮ ಸೀಮೆಯ ಕೆರೆಗಳಿಗಾಗಿ ಇಷ್ಟು ಶ್ರಮಪಟ್ಟದ್ದು ಓದಿದಾಗ ಮನಸ್ಸು ತುಂಬಿ ಬರುತ್ತದೆ. ಮತಕ್ಕೆ ಹಾಕಿದಾಗ ಮಾತ್ರ ಬರ್ಕ್ ಸೋತರು.

ಅವರು ಸುಮ್ನೆ ಕೂರಲಿಲ್ಲ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರೆನ್ ಹೇಸ್ಟಿಂಗ್ಸ್ ಮೇಲೆ ಮಹಾಭಿಯೋಗ, ಅಂದರೆ ಸಂಸತ್ತಿನ ಮುಂದೆ ದೋಷಾರೋಪಣೆ, ತಂದರು. 1788ರ ಫೆಬ್ರವರಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ವಿಚಾರಣೆ ಶುರುವಾಯಿತು. ಬರ್ಕ್ ಅವರ ಮೊದಲ ಭಾಷಣವೇ ನಾಲ್ಕು ದಿನ ನಡೆಯಿತು. ವಿಚಾರಣೆ ಏಳು ವರ್ಷ ಎಳೆಯಿತು, ಜನರಿಗೆ ಬೇಸರ ಬಂತು. 1794ರಲ್ಲಿ ಬರ್ಕ್ ಸೀಟು ಬಿಟ್ಟರು. ಅದೇ ಬೇಸಿಗೆಯಲ್ಲಿ ಮಗ ರಿಚರ್ಡ್ ತೀರಿಕೊಂಡ. 1795ರಲ್ಲಿ ಹೇಸ್ಟಿಂಗ್ಸ್ ನಿರ್ದೋಷಿ ಎಂದು ತೀರ್ಪಾಯಿತು.

ಬರ್ಕ್ ತೀರಿಕೊಂಡದ್ದು 1797ರ ಜುಲೈನಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಗೆಳೆಯ ಫ್ರೆಂಚ್ ಲಾರೆನ್ಸ್ ಅವರಿಗೆ ಕಾಗದ ಬರೆದು, ತಾನು ಮಾಡಿದ್ದು, ಆಡಿದ್ದು, ಬರೆದದ್ದು ಎಲ್ಲವನ್ನೂ ಜನ ಮರೆಯಲಿ, ಭಾರತದ ವಿಷಯದಲ್ಲಿ ಪಟ್ಟ ಪಾಡೊಂದು ಉಳಿಯಲಿ ಎಂದು ಕೇಳಿಕೊಂಡಿದ್ದರು.